ಫಲಕ ಹೋಯಿತು, ಬಾಗಿಲು ಉಳಿಯಿತು

ಪ್ರಶ್ನೆ: ನಾನು ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಈಚೆಗೆ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿರುವ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿ ರೋಸಾ ಪಾರ್ಕ್ಸ್ ಅವರ ಬಸ್ಸು ಹತ್ತಿ ಕೂತು ಬಂದೆ. ನಿನ್ನೆ ಮೊನ್ನೆ ಡಿಪೋದಿಂದ ಹೊರಬಂದ ಹಾಗಿತ್ತು. ಅದು ನಿಜವಾಗಿಯೂ ಅದೇ ಬಸ್ಸೇ? ಬಿಳಿಯರಿಗೊಂದು, ಕಪ್ಪು ಜನರಿಗೊಂದು ಎಂದಿದ್ದ ಕಾಲದ ಬಸ್ಸು, ರೈಲು, ಬೋರ್ಡುಗಳಲ್ಲಿ ಇನ್ನೇನು ಉಳಿದಿದೆ? ಆಗ ನಮ್ಮಂಥವರು ಅಲ್ಲಿಗೆ ಹೋಗಿದ್ದರೆ ಎಲ್ಲಿ ಕೂರಿಸುತ್ತಿದ್ದರು? ಅಳಿಯ ‘ಕಲರ್ಡ್ ವೇಟಿಂಗ್ ರೂಮ್’ ಎಂದು ಬರೆದ ಹಳೇ ಕಬ್ಬಿಣದ ಬೋರ್ಡೊಂದನ್ನು ಆನ್‌ಲೈನಿನಲ್ಲಿ ಕೊಳ್ಳುವ ಯೋಚನೆಯಲ್ಲಿದ್ದಾನೆ. ಕೊಳ್ಳಬಹುದೇ?

ಉತ್ತರ: ನೀವು ಹತ್ತಿದ್ದು ಅದೇ ಬಸ್ಸು, ಬಿಳಿಯನಿಗೆ ಸೀಟು ಬಿಡದೆ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ 1955ರಲ್ಲಿ ಬಂಧನಕ್ಕೊಳಗಾದ ಬಸ್ಸು. ಕೂತ ಸೀಟು ಮಾತ್ರ ಅದಲ್ಲ.

ಬಸ್ಸಿನ ನಂಬರು 2857. ಜನರಲ್ ಮೋಟರ್ಸ್ ಕಂಪನಿ 1948ರಲ್ಲಿ ಕಟ್ಟಿದ ಗಾಡಿ. ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ನಗರದಲ್ಲಿ ಓಡುತ್ತಿತ್ತು. 1970ರ ದಶಕದ ಆರಂಭದಲ್ಲಿ ಅದನ್ನು ಓಡಾಟದಿಂದ ತೆಗೆದಾಗ ಸ್ಥಳೀಯರೊಬ್ಬರು ಕೊಂಡುಕೊಂಡು ತಮ್ಮ ಜಮೀನಿನಲ್ಲಿ ನಿಲ್ಲಿಸಿದರು. ಎಂಜಿನ್ ಕಳಚಿತ್ತು, ಸೀಟು ಹೋಗಿತ್ತು, ಗಾಜು ಒಡೆದಿತ್ತು. ಸುಮಾರು ಮೂವತ್ತು ವರ್ಷ ಅದು ಹಲಗೆ, ಹತ್ಯಾರು ತುಂಬಿಡುವ ಕೊಟ್ಟಿಗೆಯಾಗಿ ಮಳೆ ಬಿಸಿಲಿನಲ್ಲಿ ನಿಂತಿತ್ತು. ‘ಇದು ರೋಸಾ ಪಾರ್ಕ್ಸ್ ಬಸ್ಸು’ ಎಂಬ ಬಾಯಿಮಾತು ಆ ಮನೆಯವರಲ್ಲಿ ಇತ್ತು. ಬಾಯಿಮಾತನ್ನು ನಂಬಿ ಯಾವ ಮ್ಯೂಸಿಯಂ ದುಡ್ಡು ಬಿಚ್ಚುತ್ತದೆ? ಸಾಕ್ಷಿ ಸಿಕ್ಕಿದ್ದು ಬೇರೆ ಕಡೆ. ಆ ಕಾಲದಲ್ಲಿ ಬಸ್ ನಿಲ್ದಾಣದ ಮ್ಯಾನೇಜರ್ ಆಗಿದ್ದವರು ಪಾರ್ಕ್ಸ್ ಬಂಧನದ ಮೇಲೆ ಕಪ್ಪು ಜನ ಬಸ್ಸು ಹತ್ತದೆ ನಡೆಸಿದ ಬಹಿಷ್ಕಾರದ ಸುದ್ದಿಗಳನ್ನು ಪತ್ರಿಕೆಯಿಂದ ಕತ್ತರಿಸಿ ಒಂದು ಪುಸ್ತಕಕ್ಕೆ ಅಂಟಿಸಿ ಇಟ್ಟಿದ್ದರು. ಅದರಲ್ಲಿ ಒಂದು ತುಣುಕಿನ ಪಕ್ಕ ಕೈಬರಹದಲ್ಲಿ ‘ಬ್ಲೇಕ್’ ಎಂಬ ಹೆಸರು, 2857 ಎಂಬ ನಂಬರು. ಜೇಮ್ಸ್ ಬ್ಲೇಕ್ ಅಂದರೆ ಅಂದು ಪಾರ್ಕ್ಸ್ ಅವರನ್ನು ಏಳು ಎಂದ ಡ್ರೈವರ್. ಆ ಪುಸ್ತಕವನ್ನು ದಸ್ತಾವೇಜು ತಜ್ಞರಿಂದ ಪರೀಕ್ಷೆ ಮಾಡಿಸಿದ ಮೇಲೆ ಮ್ಯೂಸಿಯಂ 2001ರ ಹರಾಜಿನಲ್ಲಿ 4,92,000 ಡಾಲರ್ ಕೊಟ್ಟು ಬಸ್ಸನ್ನು ಕೊಂಡಿತು. ಅದೇ ಮಾದರಿಯ ಬೇರೆ ಗಾಡಿಗಳ ಭಾಗ ತಂದು ಸೇರಿಸಿ, ಬಣ್ಣ ಹೊಡೆಸಿ 2003ರಲ್ಲಿ ಪ್ರದರ್ಶನಕ್ಕಿಟ್ಟಿತು. ನಿಮಗೆ ಅದು ಹೊಸದರ ಹಾಗೆ ಕಂಡದ್ದು ಇದಕ್ಕೇ.

ಆ ಹೊಳಪು ನನಗೆ ಸ್ವಲ್ಪ ಇರಿಸುಮುರಿಸು. ಗುಜರಿ ಸ್ಥಿತಿಯಲ್ಲೇ ಇಟ್ಟಿದ್ದರೆ ಒಂದು ಊರು ತನ್ನ ಇಂಥ ಬಸ್ಸನ್ನು ಹೇಗೆ ಬಿಟ್ಟುಕೊಟ್ಟಿತ್ತು ಎಂಬುದೂ ಕಾಣುತ್ತಿತ್ತು. ಆದರೆ ಹಾಗೆ ಇಟ್ಟಿದ್ದರೆ ನೀವು ಹತ್ತಿ ಕೂರುವಂತಿರಲಿಲ್ಲ.

ನೀವು ಕಂಡಕ್ಟರ್ ಆಗಿದ್ದವರು. ಆ ಬಸ್ಸಿನ ಸೀಟಿನ ಲೆಕ್ಕ ನಿಮಗೆ ಬೇರೆಯವರಿಗಿಂತ ಬೇಗ ಹಿಡಿಯುತ್ತದೆ. ಒಟ್ಟು 36 ಸೀಟು. ಮುಂದಿನ 10 ಬಿಳಿಯರಿಗೆ. ಬಸ್ಸಿನಲ್ಲಿ ಒಬ್ಬ ಬಿಳಿಯನೂ ಇಲ್ಲದಿದ್ದರೂ ಅವು ಖಾಲಿಯೇ ಹೋಗಬೇಕು. ಹಿಂದಿನ 10 ಕಪ್ಪು ಜನರಿಗೆ. ನಡುವಿನ 16 ಯಾರದು ಎಂಬುದು ಡ್ರೈವರ್ ಬಾಯಲ್ಲಿ. ನಮ್ಮ ಬಸ್ಸುಗಳಲ್ಲಿ ‘ಮಹಿಳೆಯರಿಗೆ’ ಎಂದು ಕಿಟಕಿಯ ಮೇಲೆ ಬರೆದ ಸೀಟು ಬೆಂಗಳೂರಿನಿಂದ ಹಾಸನದವರೆಗೂ ಅದೇ ಸೀಟಾಗಿರುತ್ತದೆ. ಅಲ್ಲಿ ಹಾಗಿರಲಿಲ್ಲ. ಗೆರೆ ಸ್ಟಾಪಿನಿಂದ ಸ್ಟಾಪಿಗೆ ಹಿಂದೆ ಹಿಂದೆ ಸರಿಯುತ್ತಿತ್ತು. 1955ರ ಡಿಸೆಂಬರ್ 1ರ ಸಂಜೆ ಪಾರ್ಕ್ಸ್ ಕೂತಿದ್ದು ಬಿಳಿಯರ ಹತ್ತು ಸೀಟಿನ ಹಿಂದಿನ ಸಾಲಿನಲ್ಲಿ, ಅಂದರೆ ಆ ನಡುವಿನ ಭಾಗದಲ್ಲಿ. ಒಬ್ಬನೇ ಒಬ್ಬ ಬಿಳಿಯ ನಿಂತಿದ್ದ. ಅವನೊಬ್ಬನಿಗೆ ಜಾಗವಾಗಲು ಆ ಸಾಲಿನ ನಾಲ್ಕು ಜನವೂ ಏಳಬೇಕು, ಏಕೆಂದರೆ ಒಂದೇ ಸಾಲಿನಲ್ಲಿ ಇಬ್ಬರೂ ಕೂರುವಂತಿಲ್ಲ. ಮೂವರು ಎದ್ದರು. ಪಾರ್ಕ್ಸ್ ಏಳಲಿಲ್ಲ. ಇನ್ನೊಂದು ವಿಚಾರ: ಕಪ್ಪು ಪ್ರಯಾಣಿಕರು ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಹಾಕಿ, ಮತ್ತೆ ಕೆಳಗಿಳಿದು, ಹಿಂದಿನ ಬಾಗಿಲಿಗೆ ನಡೆದು ಹತ್ತಬೇಕೆಂದು ಅನೇಕ ಡ್ರೈವರುಗಳು ಹಟ ಹಿಡಿಯುತ್ತಿದ್ದರು. ದುಡ್ಡು ಇಸಿದುಕೊಂಡು, ಅವರು ಹಿಂದಿನ ಬಾಗಿಲು ಮುಟ್ಟುವ ಮೊದಲೇ ಗಾಡಿ ಬಿಟ್ಟುಕೊಂಡು ಹೋದದ್ದೂ ಉಂಟು.

ಅಂಥ ಪದ್ಧತಿಯ ಕುರುಹು ಬಸ್ಸಿನ ತಗಡಿನಲ್ಲಿ ಎಲ್ಲಿ ಸಿಗಬೇಕು? ಡ್ರೈವರ್ ಆಡಿದ ಮಾತು ತುಕ್ಕು ಹಿಡಿದು ಉಳಿಯುವುದಿಲ್ಲ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಕೈಯಲ್ಲಿ ಎತ್ತಿಡಬಹುದಾದದ್ದು, ಸ್ಕ್ರೂ ಬಿಚ್ಚಿ ತೆಗೆಯಬಹುದಾದದ್ದು ಬಹುಪಾಲು ಹೋಯಿತು. ಗಾರೆ, ಇಟ್ಟಿಗೆ, ಉಕ್ಕು ಹಾಕಿ ಕಟ್ಟಿದ್ದು ಅಲ್ಲಲ್ಲಿ ಉಳಿಯಿತು, ಒಡೆಯುವ ಖರ್ಚು ಯಾರಿಗೂ ಬೇಡವಾಗಿತ್ತು ಅಷ್ಟೆ.

ಎತ್ತಿಡಬಹುದಾಗಿದ್ದ ವಸ್ತು ಎಂದರೆ ನ್ಯೂ ಆರ್ಲಿಯನ್ಸ್ ನಗರದ ಹಲಗೆ. ಅಲ್ಲಿನ ಟ್ರಾಮುಗಳಲ್ಲೂ ಬಸ್ಸುಗಳಲ್ಲೂ ಮರದ ಒಂದು ಸಣ್ಣ ಹಲಗೆ ಇರುತ್ತಿತ್ತು. ಮೇಲೆ ‘ಕಪ್ಪು ಪ್ರಯಾಣಿಕರಿಗೆ ಮಾತ್ರ’ ಎಂಬ ಅರ್ಥದ ಇಂಗ್ಲಿಷ್ ಬರಹ. ಅಡಿಯಲ್ಲಿ ಎರಡು ಗೂಟ. ಸೀಟಿನ ಬೆನ್ನಿನ ಮೇಲ್ತುದಿಯಲ್ಲಿ ಅದಕ್ಕೆ ಸರಿಯಾಗಿ ಎರಡು ತೂತು. ಹಲಗೆಯನ್ನು ಎತ್ತಿ ಹಿಂದಿನ ಸೀಟಿನ ತೂತಿಗೆ ಸಿಕ್ಕಿಸಿದರೆ ಬಿಳಿಯರ ಜಾಗ ಒಂದು ಸಾಲು ಬೆಳೆಯಿತು. ಇದಕ್ಕೆ ಕಂಡಕ್ಟರೇ ಬರಬೇಕೆಂದಿಲ್ಲ. ಬಿಳಿಯ ಪ್ರಯಾಣಿಕ ತಾನೇ ಎತ್ತಿ ಹಿಂದಕ್ಕೆ ಸಿಕ್ಕಿಸಿ ಕೂತುಬಿಡುತ್ತಿದ್ದ. ಆಗ ಹಲಗೆಯ ಮುಂದೆ ಸಿಕ್ಕಿಬಿದ್ದ ಕಪ್ಪು ಪ್ರಯಾಣಿಕ ಎದ್ದು ಹೋಗಬೇಕು. ಮುದುಕಿಯಾಗಲಿ ಬಸುರಿಯಾಗಲಿ, ರಿಯಾಯಿತಿ ಇಲ್ಲ. 1958ರ ಮೇ 31ರಂದು ನ್ಯಾಯಾಲಯದ ಆದೇಶದಂತೆ ಆ ಹಲಗೆಗಳನ್ನು ತೆಗೆದರು. ಕೆಲವು ಮ್ಯೂಸಿಯಂಗಳಿಗೆ, ಕೆಲವು ಸಂಗ್ರಹಕಾರರ ಮನೆಗೆ ಸೇರಿದವು. ಉಳಿದವು ಕಸಕ್ಕೆ. ಆದರೆ ಅವು ಸಿಕ್ಕಿಕೊಳ್ಳುತ್ತಿದ್ದ ಟ್ರಾಮುಗಳು ಇವತ್ತೂ ಓಡುತ್ತಿವೆ. ಸೇಂಟ್ ಚಾರ್ಲ್ಸ್ ಮಾರ್ಗದಲ್ಲಿ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಆ ಹಸಿರು ಟ್ರಾಮುಗಳು 1923–24ರಲ್ಲಿ ಪರ್ಲಿ ಥಾಮಸ್ ಕಂಪನಿ ಕಟ್ಟಿದವು. ಮೂವತ್ತಕ್ಕೂ ಹೆಚ್ಚು ವರ್ಷ ಅವು ಈ ಹಲಗೆ ಹೊತ್ತು ಓಡಿದವು.

ಇದೇ ಊರಿನಿಂದಲೇ ಇಡೀ ದೇಶಕ್ಕೆ ‘ಬೇರೆ, ಆದರೆ ಸಮಾನ’ ಎಂಬ ನೆಪ ಸಿಕ್ಕಿತು. ಈ ಊರಿರುವ ಲೂಸಿಯಾನಾ ರಾಜ್ಯ 1890ರಲ್ಲಿ ರೈಲಿನ ಬೋಗಿಗಳನ್ನು ಬಣ್ಣದ ಮೇಲೆ ಬೇರೆ ಮಾಡುವ ಕಾಯಿದೆ ತಂದಿತು. ರೈಲ್ವೆ ಕಂಪನಿಗಳಿಗೇ ಅದು ಇಷ್ಟವಿರಲಿಲ್ಲ. ಮಾನವೀಯತೆಯೇನೂ ಅಲ್ಲ, ಹೆಚ್ಚುವರಿ ಬೋಗಿ ಎಳೆಯುವ ಖರ್ಚು. ಕಾಯಿದೆಯನ್ನು ಪ್ರಶ್ನಿಸಲೆಂದೇ ಒಂದು ನಾಗರಿಕರ ಸಮಿತಿ ಹುಟ್ಟಿತು. ಹೋಮರ್ ಪ್ಲೆಸ್ಸಿ ಎಂಬವರು 1892ರ ಜೂನ್ 7ರಂದು ಮೊದಲ ದರ್ಜೆಯ ಟಿಕೇಟು ಕೊಂಡು ಬಿಳಿಯರ ಬೋಗಿಯಲ್ಲಿ ಕೂತರು. ಅವರ ಪೂರ್ವಜರಲ್ಲಿ ಎಂಟನೇ ಒಂದು ಭಾಗ ಮಾತ್ರ ಆಫ್ರಿಕನ್ ಮೂಲ. ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ. ಬಂಧಿಸಲು ಪತ್ತೇದಾರನನ್ನೂ ಸಮಿತಿಯೇ ಗೊತ್ತುಮಾಡಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ 1896ರಲ್ಲಿ ಸೋತಿತು; ಸೌಕರ್ಯ ಸಮಾನವಾಗಿದ್ದರೆ ಬೇರೆ ಕೂರಿಸುವುದು ತಪ್ಪಲ್ಲ ಎಂದಿತು ಕೋರ್ಟು, ಏಳು ನ್ಯಾಯಮೂರ್ತಿಗಳು ಆ ಕಡೆ, ಒಬ್ಬರೇ ಈ ಕಡೆ. ಆ ಕಾಯಿದೆಯಲ್ಲಿ ನನ್ನ ಕಣ್ಣು ಸದಾ ನಿಲ್ಲುವುದು ಒಂದು ವಿನಾಯಿತಿಯ ಮೇಲೆ: ಇನ್ನೊಂದು ಜನಾಂಗದ ಮಗುವನ್ನು ನೋಡಿಕೊಳ್ಳುವ ದಾದಿಗೆ ಈ ನಿಯಮ ಅನ್ವಯಿಸದು. ಬಿಳಿಯರ ಕೂಸನ್ನು ತೊಡೆಯ ಮೇಲಿಟ್ಟುಕೊಂಡ ಕಪ್ಪು ಹೆಂಗಸು ಬಿಳಿಯರ ಬೋಗಿಯಲ್ಲಿ ಆರಾಮಾಗಿ ಕೂರಬಹುದು. ಕೂಸನ್ನು ಇಳಿಸಿದ ಮೇಲೆ ಅದೇ ಹೆಂಗಸು ಅದೇ ಬೋಗಿಯಲ್ಲಿ ಅಪರಾಧಿ. ಮೈಲಿಗೆ, ಶುಚಿ, ಪ್ರಯಾಣಿಕರ ನೆಮ್ಮದಿ ಎಂದೆಲ್ಲ ಹೇಳಿದವರ ಬಂಡವಾಳ ಈ ಒಂದು ಸಾಲಿನಲ್ಲೇ ಬಯಲಾಗುತ್ತದೆ. ಪ್ಲೆಸ್ಸಿಯವರಿಗೆ ಲೂಸಿಯಾನಾದ ಗವರ್ನರ್ ಕ್ಷಮಾದಾನ ಕೊಟ್ಟದ್ದು 2022ರ ಜನವರಿಯಲ್ಲಿ. ಅವರನ್ನು ಇಳಿಸಿದ ಪ್ರೆಸ್ ಸ್ಟ್ರೀಟಿನ ಜಾಗದಲ್ಲಿ ಈಗ ಒಂದು ಸ್ಮಾರಕ ಫಲಕ ಇದೆ.

ಇನ್ನು ಕಟ್ಟಿದ್ದರ ಕಡೆ ಬರೋಣ. ಅಮೆರಿಕಕ್ಕೆ ಮತ್ತೆ ಹೋದರೆ ಒಂದೇ ಒಂದು ವಸ್ತು ನೋಡುವಷ್ಟು ಸಮಯ ಇದೆ ಎಂದುಕೊಳ್ಳಿ. ಆಗ ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಇತಿಹಾಸ ಮ್ಯೂಸಿಯಂನಲ್ಲಿರುವ ಸದರ್ನ್ ರೈಲ್ವೆಯ 1200ನೇ ನಂಬರಿನ ಬೋಗಿ ನೋಡಿ. ಪುಲ್‌ಮನ್ ಕಂಪನಿಯಲ್ಲಿ ತಯಾರಾದ ಬೋಗಿ. 1940ರಲ್ಲಿ ಎರಡು ಭಾಗವಾಗುವಂತೆ ಅದನ್ನು ಮಾರ್ಪಡಿಸಿದರು. ಮ್ಯೂಸಿಯಂ ಕಟ್ಟಡ ಮುಗಿದ ಮೇಲೆ ಯಾವ ಬಾಗಿಲಲ್ಲೂ ಅದು ತೂರುವಂತಿರಲಿಲ್ಲ. ಹೀಗಾಗಿ 2013ರ ನವೆಂಬರಿನಲ್ಲಿ ಮೊದಲು ಕ್ರೇನಿನಿಂದ ಬೋಗಿಯನ್ನು ಗುಂಡಿಗೆ ಇಳಿಸಿ, ಆಮೇಲೆ ಅದರ ಸುತ್ತ ಮೇಲೆ ಕಟ್ಟಡ ಎಬ್ಬಿಸಿದರು.

ಒಳಗೆ ನಡೆದು ನೋಡುವಾಗ ಸೀಟು ನೋಡಬೇಡಿ, ತಲೆ ಎತ್ತಿ ನೋಡಿ. ಬಿಳಿಯರ ಭಾಗದಲ್ಲಿ ಮೇಲೆ ಲಗೇಜು ಇಡುವ ಕಟ್ಟೆ ಇದೆ. ಕಪ್ಪು ಜನರ ಭಾಗದಲ್ಲಿ ಇಲ್ಲ. ಪೆಟ್ಟಿಗೆಯನ್ನು ಕಾಲಡಿ ತುರುಕಿಕೊಂಡು ಮುದುರಿ ಕೂರಬೇಕಿತ್ತು, ರಾತ್ರಿಯಿಡೀ. ಶೌಚಾಲಯವೂ ಹಾಗೆ. ಅತ್ತ ದೊಡ್ಡದು, ಕೈಕಾಲು ಚಾಚಿ ಮುಖ ತೊಳೆದು ಕೂರಲು ಜಾಗ ಉಳ್ಳದ್ದು. ಇತ್ತ ಕಿರಿದು, ಆ ಸವಲತ್ತಿಲ್ಲದ್ದು. ಟಿಕೇಟಿನ ದರ ಎರಡು ಕಡೆಗೂ ಒಂದೇ. ಕೋರ್ಟು ‘ಸಮಾನ’ ಎಂದಿತ್ತು. ನಕ್ಷೆ ಬರೆದ ಎಂಜಿನಿಯರ್ ಎಲ್ಲಿ ಎಷ್ಟು ಅಂಗುಲ ಕಡಿಮೆ ಮಾಡಬೇಕು, ಯಾವ ಮೊಳೆ ಹೊಡೆಯದೆ ಬಿಡಬೇಕು ಎಂದು ಲೆಕ್ಕ ಹಾಕಿದ್ದ. ಫಲಕ ಓದಿದರೆ ಸಿಟ್ಟು ಬರುತ್ತದೆ, ಸರಿ. ನನಗೆ ಈ ಇಲ್ಲದ ಲಗೇಜು ಕಟ್ಟೆ ಅದಕ್ಕಿಂತ ಹೆಚ್ಚು ಹೇಳುತ್ತದೆ.

ಊಟದ ಬೋಗಿಯಲ್ಲಿ ಪರದೆ ಇತ್ತು. ಇದೇ ಸದರ್ನ್ ರೈಲ್ವೆಯಲ್ಲಿ 1942ರಲ್ಲಿ ಸರ್ಕಾರಿ ಕೆಲಸದ ಮೇಲೆ ಹೊರಟಿದ್ದ ಎಲ್ಮರ್ ಹೆಂಡರ್ಸನ್ ಎಂಬ ಕಪ್ಪು ನೌಕರರು ಊಟಕ್ಕೆ ಹೋದರು. ಕಪ್ಪು ಜನರಿಗೆಂದು ಅಡುಗೆಕೋಣೆಯ ಪಕ್ಕ ಇಟ್ಟಿದ್ದ ಮೇಜುಗಳಲ್ಲೂ ಬಿಳಿಯರು ಕೂತಿದ್ದರು. ಒಂದು ಸೀಟು ಖಾಲಿ ಇದ್ದರೂ ಕೊಡಲಿಲ್ಲ. ಕೊನೆಗೂ ಅವರು ಅಂದು ಊಟವಿಲ್ಲದೆಯೇ ಇದ್ದರು. ಮೊಕದ್ದಮೆ ಹೂಡಿದ ಮೇಲೆ ಕಂಪನಿ ನಿಯಮವನ್ನು ‘ಸುಧಾರಿಸಿತು’: ಕಪ್ಪು ಜನರಿಗೆ ಒಂದು ಮೇಜು ಖಾಯಂ, ಮುಂದೆ ಪರದೆ. 1950ರಲ್ಲಿ ಸುಪ್ರೀಂ ಕೋರ್ಟು ಆ ಪರದೆ, ತಡಿಕೆ, ಬೋರ್ಡುಗಳನ್ನು ಒಪ್ಪಲಿಲ್ಲ. ಒಂದೇ ಬೆಲೆಯ ಟಿಕೇಟು ಹಿಡಿದು ಒಂದೇ ಬೋಗಿಯಲ್ಲಿ ಉಣ್ಣುವವರ ನಡುವೆ ಅವು ಸುಮ್ಮನೆ ಕಟ್ಟಿದ ಭೇದ ಎಂದಿತು.

ನಿಲ್ದಾಣಗಳಲ್ಲಿ ಕುರುಹು ಹುಡುಕುವುದಕ್ಕೆ ಸ್ವಲ್ಪ ಕಣ್ಣು ಪಳಗಬೇಕು. ಅಮೆರಿಕದ ದಕ್ಷಿಣ ರಾಜ್ಯಗಳ ಸಣ್ಣ ಊರುಗಳ ಹಳೇ ರೈಲು ನಿಲ್ದಾಣಕ್ಕೆ ಹೋದರೆ ಟಿಕೇಟು ಕೋಣೆ ನಟ್ಟನಡುವೆ ಇರುತ್ತದೆ, ಅದರ ಎರಡೂ ಕಡೆ ಒಂದೊಂದು ಕಿಂಡಿ, ಒಂದೊಂದು ವೇಟಿಂಗ್ ರೂಮು. ಗುಮಾಸ್ತ ಒಬ್ಬನೇ. ಕುರ್ಚಿ ತಿರುಗಿಸಿ ಈ ಕಡೆ ಬಿಳಿಯರಿಗೆ, ಆ ಕಡೆ ಕಪ್ಪು ಜನರಿಗೆ ಟಿಕೇಟು ಕೊಡುತ್ತಿದ್ದ. ಈ ಕಡೆಯ ಸಾಲು ಮುಗಿಯುವ ತನಕ ಆ ಕಡೆಯವರು ಕಾಯಬೇಕು, ರೈಲು ಬಂದು ನಿಂತಿದ್ದರೂ. ಇಂಥ ಎಷ್ಟೋ ಕಟ್ಟಡ ಈಗ ಊರಿನ ಮ್ಯೂಸಿಯಂ, ಹೋಟೆಲ್ಲು, ಕಚೇರಿ ಆಗಿವೆ. ಒಳಗೆ ಕಾಫಿ ಕುಡಿಯುವವರಿಗೆ ಎರಡು ಕಿಂಡಿ ಯಾಕಿವೆ ಎಂಬುದು ಹೊಳೆಯುವುದೇ ಇಲ್ಲ.

ಮಾಂಟ್‌ಗೊಮರಿಯ ಗ್ರೇಹೌಂಡ್ ಬಸ್ ನಿಲ್ದಾಣ ಇದಕ್ಕಿಂತ ಸ್ಪಷ್ಟ. 1951ರಲ್ಲಿ ಕಟ್ಟಿದ ಈ ನಿಲ್ದಾಣದಲ್ಲಿ ಕಪ್ಪು ಪ್ರಯಾಣಿಕರಿಗೆ ಪಕ್ಕದಿಂದ ಬೇರೆ ಬಾಗಿಲು. ಮುಂಬಾಗಿಲು ಅವರದಲ್ಲ. ಆಮೇಲೆ ಆ ಬಾಗಿಲನ್ನು ಇಟ್ಟಿಗೆ ಕಟ್ಟಿ ಮುಚ್ಚಿದರು. ಮುಚ್ಚಿದ ಇಟ್ಟಿಗೆ ಸುತ್ತಲಿನ ಗೋಡೆಯ ಜೊತೆ ಕೂಡಿಕೊಳ್ಳಲೇ ಇಲ್ಲ, ಬಾಗಿಲ ಆಕಾರ ಹಾಗೇ ಕಾಣುತ್ತದೆ. 1961ರ ಮೇ 20ರಂದು ಈ ಭೇದ ಮುರಿಯಲೆಂದೇ ಒಟ್ಟಿಗೆ ಪ್ರಯಾಣಿಸುತ್ತಿದ್ದ ಕಪ್ಪು ಬಿಳಿ ಯುವಕ ಯುವತಿಯರ ಫ್ರೀಡಂ ರೈಡರ್ಸ್ ತಂಡ ಬಸ್ಸಿನಿಂದ ಇಳಿದಾಗ ಗುಂಪೊಂದು ಮೇಲೆ ಬಿದ್ದು ಬಡಿದದ್ದು ಇದೇ ನಿಲ್ದಾಣದಲ್ಲಿ. ಆರು ದಿನ ಮೊದಲು, ಅದೇ ರಾಜ್ಯದ ಆನಿಸ್ಟನ್ ಬಳಿ ಅವರ ಒಂದು ಬಸ್ಸಿಗೇ ಬೆಂಕಿ ಇಟ್ಟಿದ್ದರು. 2011ರಿಂದ ಈ ನಿಲ್ದಾಣ ಫ್ರೀಡಂ ರೈಡ್ಸ್ ಮ್ಯೂಸಿಯಂ.

ಆ ಗಲಾಟೆಯ ಫಲವಾಗಿ ಅಂತರರಾಜ್ಯ ಸಾರಿಗೆಯ ಆಯೋಗ ಹೊಸ ನಿಯಮ ತಂದಿತು. 1961ರ ನವೆಂಬರ್ 1ರಿಂದ ನಿಲ್ದಾಣಗಳಲ್ಲಿ ಬಣ್ಣ ಹೇಳುವ ಬೋರ್ಡು ಇರಕೂಡದು. ಅಷ್ಟೇ ಅಲ್ಲ, ರಾಜ್ಯದಿಂದ ರಾಜ್ಯಕ್ಕೆ ಓಡುವ ಬಸ್ಸಿನೊಳಗೆ ‘ಜನಾಂಗ, ಬಣ್ಣ, ಪಂಥ, ಮೂಲ ದೇಶ ನೋಡದೆ ಇಲ್ಲಿ ಸೀಟು ಕೊಡಲಾಗುತ್ತದೆ’ ಎಂಬರ್ಥದ ಬೋರ್ಡು ಹಾಕಲೇಬೇಕು. ಸಂಗ್ರಹಕಾರರು ‘ಕಲರ್ಡ್’ ಬೋರ್ಡಿಗೆ ಮುಗಿಬೀಳುತ್ತಾರೆ, ಈ ಬೋರ್ಡನ್ನು ಕೇಳುವವರೇ ಕಡಿಮೆ. ನನ್ನನ್ನು ಕೇಳಿದರೆ ಎರಡನ್ನೂ ಅಕ್ಕಪಕ್ಕ ಇಡಬೇಕು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಾಂಟ್‌ಗೊಮರಿಯ ಬಸ್ಸುಗಳಲ್ಲಿ ಭೇದ ಕೊನೆಯಾದದ್ದು 381 ದಿನದ ಬಹಿಷ್ಕಾರದಿಂದ ಎನ್ನುತ್ತೇವೆ. ಕಾನೂನಿನ ಲೆಕ್ಕದಲ್ಲಿ ಅದು ಮುಗಿದದ್ದು ಪಾರ್ಕ್ಸ್ ಅವರ ಪ್ರಕರಣದಲ್ಲೂ ಅಲ್ಲ, ‘ಬ್ರೌಡರ್ ವಿರುದ್ಧ ಗೇಲ್’ ಎಂಬ ಬೇರೆ ಮೊಕದ್ದಮೆಯಲ್ಲಿ, 1956ರಲ್ಲಿ. ಅದರ ಅರ್ಜಿದಾರರಲ್ಲಿ ಒಬ್ಬಳು ಕ್ಲಾಡೆಟ್ ಕಾಲ್ವಿನ್. ಪಾರ್ಕ್ಸ್ ಅವರಿಗಿಂತ ಒಂಬತ್ತು ತಿಂಗಳು ಮೊದಲೇ, ಹದಿನೈದರ ಹುಡುಗಿ, ಸೀಟು ಬಿಡದೆ ಪೊಲೀಸರ ಕೈಯಲ್ಲಿ ಎಳೆಸಿಕೊಂಡು ಹೋದವಳು.

ನಮ್ಮಂಥವರು ಎಲ್ಲಿ ಕೂರಬೇಕಿತ್ತು? ಕಾನೂನು ಪುಸ್ತಕದಲ್ಲಿ ನೇರ ಉತ್ತರವಿಲ್ಲ, ಕಂಡಕ್ಟರ್ ಕಣ್ಣಿಗೆ ಕಂಡ ಹಾಗೆ. ಪೌರತ್ವದ ವಿಷಯದಲ್ಲಿ ಭಾರತೀಯರು ‘ಬಿಳಿಯರಲ್ಲ’ ಎಂದು ಅಮೆರಿಕದ ಸುಪ್ರೀಂ ಕೋರ್ಟು 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಹೇಳಿತ್ತು. ಆದರೂ ವಿದೇಶದ ಗಣ್ಯರೆಂದು ಕಂಡರೆ ಬಿಟ್ಟುಬಿಡುವ ರೂಢಿ ಇತ್ತು. ಇದನ್ನು ಬಯಲಿಗೆಳೆದವರಲ್ಲಿ ಇಬ್ಬರ ಕತೆ ಸಾಕು. ಜೆಸ್ಸಿ ರೂಟೆ ಎಂಬ ನ್ಯೂಯಾರ್ಕಿನ ಕಪ್ಪು ಪಾದ್ರಿ 1947ರಲ್ಲಿ ಅಲಬಾಮಾದ ಮೊಬೀಲ್ ನಗರಕ್ಕೆ ಪೇಟ ಸುತ್ತಿ, ನಿಲುವಂಗಿ ತೊಟ್ಟು ಹೋದರು. ಮೊದಲು ಸಾದಾ ಬಟ್ಟೆಯಲ್ಲಿ ಹೋಗಿ ಅವಮಾನ ಉಂಡ ಊರಿನಲ್ಲೇ ಈಗ ಎಲ್ಲೆಡೆ ಮರ್ಯಾದೆ. ಮನುಷ್ಯ ಅದೇ, ಬಣ್ಣ ಅದೇ, ಪೇಟ ಒಂದು ಹೆಚ್ಚು.

ಇನ್ನೊಬ್ಬರು ನಮ್ಮ ಮಂಗಳೂರಿನವರು, ಕಮಲಾದೇವಿ ಚಟ್ಟೋಪಾಧ್ಯಾಯ. 1941ರಲ್ಲಿ ಅವರು ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ಲೂಸಿಯಾನಾದಲ್ಲಿ ಟಿಕೇಟು ನೋಡುವವನು ಬಂದು ಆ ಬೋಗಿಯಿಂದ ಎದ್ದು ಹೋಗಲು ಹೇಳಿದ. ಅವರು ಏಳಲಿಲ್ಲ. ಹೋದವನು ಆಮೇಲೆ ಮರಳಿ ಬಂದ. ಸೀರೆ ಕಂಡು ಇವರು ಇಲ್ಲಿಯವರಲ್ಲ ಎಂದು ಹೊಳೆದಿರಬೇಕು. ಯಾವ ಕಡೆಯವರು ಎಂದು ಕೇಳಿದ. ‘ನ್ಯೂಯಾರ್ಕಿನಿಂದ ಬಂದೆ’ ಎಂದರು ಕಮಲಾದೇವಿ. ಅದಲ್ಲ, ಯಾವ ದೇಶ ಎಂದು ಅವನು ಒತ್ತಿದ. ‘ಇಂಡಿಯಾ’ ಎಂದಿದ್ದರೆ ಮುಗಿಯುತ್ತಿತ್ತು, ಅವನೂ ಅದನ್ನೇ ಕಾಯುತ್ತಿದ್ದ. ತಾನು ಕಪ್ಪು ಹೆಂಗಸು, ಅದು ಕಾಣುತ್ತಲೇ ಇದೆ, ಎದ್ದು ಹೋಗುವ ಮಾತೇ ಇಲ್ಲ ಎಂದು ಅವರು ಹೇಳಿದರು. ಅವನು ಹೊರಟುಹೋದ. ಪರದೇಶದವರೆಂಬ ಪಾಸು ಕೈಗೆ ಬಂದಿದ್ದರೂ ತೋರಿಸದೆ ಕೂತದ್ದು ಸಣ್ಣ ಸಂಗತಿಯಲ್ಲ.

ದಕ್ಷಿಣ ಆಫ್ರಿಕಾದ ಕತೆ ಬೇರೆಯದೇ ದೊಡ್ಡದು, ಇಲ್ಲಿ ಚುಟುಕಾಗಿ. ಪ್ಲೆಸ್ಸಿ ಬಂಧನಕ್ಕೆ ಸರಿಯಾಗಿ ಒಂದು ವರ್ಷವಾದ ದಿನ, 1893ರ ಜೂನ್ 7ರ ರಾತ್ರಿ, ಗಾಂಧಿಯವರನ್ನು ಮೊದಲ ದರ್ಜೆಯಿಂದ ಹೊರದಬ್ಬಿದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣ ಈಗಲೂ ನಿಂತಿದೆ, ಪ್ಲಾಟ್‌ಫಾರಮ್ಮಿನಲ್ಲಿ ಫಲಕವೂ ಇದೆ. ಆದರೆ ನಾನು ಹೇಳಹೊರಟದ್ದು 1953ರ ಲೂಸು ಪ್ರಕರಣ. ಕೇಪ್‌ಟೌನ್ ನಿಲ್ದಾಣದಲ್ಲಿ ಬಿಳಿಯರ ವೇಟಿಂಗ್ ರೂಮಿಗೆ ಹೋದ ಕಪ್ಪು ಮನುಷ್ಯನನ್ನು ಅಲ್ಲಿನ ಕೋರ್ಟು ಬಿಡುಗಡೆ ಮಾಡಿತು. ಎರಡು ಕೊಠಡಿಗಳ ಸೌಕರ್ಯ ಸಮಾನವಾಗಿಲ್ಲ ಎಂಬುದು ಕಾರಣ. ಸರ್ಕಾರ ಕೊಠಡಿ ಸರಿಮಾಡಲಿಲ್ಲ. ಸೌಕರ್ಯ ಸಮಾನವಾಗಿರಬೇಕಿಲ್ಲ ಎಂದು ಅದೇ ವರ್ಷ ಕಾಯಿದೆಯನ್ನೇ ಮಾಡಿತು. ಅಮೆರಿಕ ನೆಪ ಹೇಳುತ್ತಿತ್ತು, ಇವರು ನೆಪವನ್ನೂ ಬಿಟ್ಟರು. 1990ರವರೆಗೂ ಆ ಕಾಯಿದೆ ಇತ್ತು. ಕೇಪ್‌ಟೌನಿನಲ್ಲಿ ಹೈಕೋರ್ಟಿನ ಒಂದು ಕಟ್ಟಡದ ಹೊರಗೆ ‘ಬಿಳಿಯರಿಗೆ ಮಾತ್ರ’, ‘ಬಿಳಿಯರಲ್ಲದವರಿಗೆ ಮಾತ್ರ’ ಎಂದು ಬರೆದ ಎರಡು ಬೆಂಚುಗಳಿವೆ, ಪ್ರವಾಸಿಗರು ಹಳೆಯವೆಂದೇ ಫೋಟೋ ತೆಗೆಯುತ್ತಾರೆ. ಅವು ಕಲಾವಿದರೊಬ್ಬರು ಈಚೆಗೆ ಮಾಡಿ ಇಟ್ಟವು.

ಅಳಿಯನ ಬೋರ್ಡಿಗೂ ಇದೇ ಎಚ್ಚರ. ಮಾರಾಟಕ್ಕಿರುವ ಇಂಥ ಬೋರ್ಡುಗಳಲ್ಲಿ ಬಹುಪಾಲು ಈಚೆಗೆ ಅಚ್ಚು ಹಾಕಿದವು. ನಿಜವಾದವು ಹೆಚ್ಚಾಗಿ ಎನಾಮೆಲ್ ಬಳಿದ ತಗಡು, ಬಣ್ಣ ಬರೆದ ಮರ, ರಟ್ಟು, ಇಲ್ಲವೇ ಗೋಡೆ ಗಾಜಿನ ಮೇಲೆ ನೇರ ಬರೆದ ಅಕ್ಷರ. ಎರಕದ ಕಬ್ಬಿಣದಲ್ಲಿ ರೈಲ್ವೆ ಕಂಪನಿಯ ಹೆಸರು, ಊರು, ಇಸವಿ ಎಲ್ಲವೂ ಉಬ್ಬಕ್ಷರದಲ್ಲಿ ಸಾಲಾಗಿ ಬಂದಿದ್ದರೆ ಮೊದಲು ಅನುಮಾನ ಪಡಿ. ನಿಲ್ದಾಣದ ಮಾಸ್ತರನಿಗೆ ತನ್ನ ವೇಟಿಂಗ್ ರೂಮಿನ ಬಾಗಿಲಿಗೆ ಇಸವಿ ಕೆತ್ತಿಸುವ ಗರಜೇನಿತ್ತು? ಸ್ಕ್ರೂ ತೂತು ನೋಡಿ. ವರ್ಷಗಟ್ಟಲೆ ಗೋಡೆಯಲ್ಲಿದ್ದ ಎನಾಮೆಲ್ ಬೋರ್ಡಾದರೆ ತೂತಿನ ಸುತ್ತ ಗಾಜಿನಂಥ ಲೇಪ ಚೂರಾಗಿ ಎದ್ದು, ತುಕ್ಕು ಅಲ್ಲಿಂದ ಹಬ್ಬಿರುತ್ತದೆ. ಇಡೀ ಬೋರ್ಡಿಗೆ ಒಂದೇ ಸಮನೆ ತುಕ್ಕು ಹಿಡಿದಿದ್ದರೆ ಅದು ಹಿಡಿಸಿದ ತುಕ್ಕು. ಎಲ್ಲಕ್ಕಿಂತ ಮುಖ್ಯ, ಎಲ್ಲಿಂದ ತೆಗೆದದ್ದು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಕಾಗದ. 2857 ನಂಬರಿನ ಬಸ್ಸಿಗೂ ಬೆಲೆ ಬಂದದ್ದು ಒಂದು ಕೈಬರಹದ ಸಾಲಿನಿಂದ.

ಮಿಷಿಗನ್ ರಾಜ್ಯದಲ್ಲೇ, ಬಿಗ್ ರ‍್ಯಾಪಿಡ್ಸ್ ಊರಿನ ಫೆರಿಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಿಮ್ ಕ್ರೋ ಮ್ಯೂಸಿಯಂ ಇದೆ. ಅಮೆರಿಕದ ಈ ಭೇದದ ಕಾನೂನುಗಳಿಗೆ ಅಲ್ಲಿಯವರು ಇಟ್ಟ ಹೆಸರೇ ಜಿಮ್ ಕ್ರೋ. ಡಿಯರ್‌ಬಾರ್ನ್‌ನಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರ. ಕೊಳ್ಳುವ ಮೊದಲು ಅಳಿಯನನ್ನು ಅಲ್ಲಿಗೆ ಒಮ್ಮೆ ಕರೆದುಕೊಂಡು ಹೋಗಲು ಮಗಳಿಗೆ ಹೇಳಿ. ಅದಾದ ಮೇಲೂ ಕೊಳ್ಳುವುದಾದರೆ ಎನಾಮೆಲ್ಲೋ ಎರಕವೋ, ಏನೇ ಇರಲಿ, ಕೊಂಡ ಅಂಗಡಿ, ತಾರೀಖು, ಬೆಲೆ, ಮಾರಿದವನು ಹೇಳಿದ ಮಾತು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಹಿಂಬದಿಗೆ ಅಂಟಿಸಲಿ. ನಕಲಿಯಾಗಿದ್ದರೆ ಸ್ಪಷ್ಟವಾಗಿ ನಕಲಿ ಎಂದೇ ಬರೆಯಲಿ. ಇಲ್ಲವಾದರೆ ನಲವತ್ತು ವರ್ಷದ ಮೇಲೆ ಮೊಮ್ಮಕ್ಕಳು ಅದನ್ನು ಅಸಲಿ ಎಂದು ಯಾವುದೋ ಮ್ಯೂಸಿಯಂಗೆ ದಾನ ಕೊಟ್ಟುಬಿಡುತ್ತಾರೆ, ಆಮೇಲೆ ನಮ್ಮಂಥವರಿಗೆ ಕೆಲಸ.